ಗಾಡಿ ಎತ್ತ ತಿರುಗಿಸುವುದು?

ರಾತ್ರಿ ಒಂದೂವರೆಗೆ, ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಪೆರ್ಲ ಪೇಟೆಯಲ್ಲಿ ಜೀಪು ನಿಲ್ಲಿಸಿ ಭಾವ ಕೇಳಿದ್ದು ಇಷ್ಟೇ: "ಎತ್ತ ತಿರುಗಿಸುವುದು? ಬೇಗ ಹೇಳು."

2019ರ ಆಟಿ ತಿಂಗಳು. ಮಳೆ ಹೊಯ್ಯುತ್ತಿತ್ತು. ಹಿಂದಿನ ಸೀಟಿನಲ್ಲಿ ಅಪ್ಪ ಎದೆಗೆ ಅಂಗೈ ಒತ್ತಿಕೊಂಡು, ಕಣ್ಣು ಮುಚ್ಚಿ, ಅಮ್ಮನ ಹೆಗಲಿಗೆ ಒರಗಿದ್ದರು. ಒಂದು ದಾರಿ ಉಕ್ಕಿನಡ್ಕ, ಬದಿಯಡ್ಕ ಕಳೆದು ಕಾಸರಗೋಡಿಗೆ. ಇನ್ನೊಂದು ಸಾರಡ್ಕದಲ್ಲಿ ಕರ್ನಾಟಕದ ಗಡಿ ದಾಟಿ ಅಡ್ಯನಡ್ಕ, ವಿಟ್ಲ, ಕಲ್ಲಡ್ಕ ಎಂದು ಮಂಗಳೂರಿಗೆ. ಮೊದಲನೆಯದರಲ್ಲಿ ಮುಕ್ಕಾಲು ಗಂಟೆ ಸಾಕು, ಆದರೆ ಆ ಹೊತ್ತಿಗೆ ಹೃದಯದ ಡಾಕ್ಟರು ಸಿಗುತ್ತಾರೆಂಬ ಧೈರ್ಯ ಇಲ್ಲ. ಎರಡನೆಯದರಲ್ಲಿ ಡಾಕ್ಟರು ಸಿಗುವುದು ಖಂಡಿತ, ಆದರೆ ಒಂದೂವರೆ ಗಂಟೆ ಅಪ್ಪ ತಡೆಯುತ್ತಾರೆಂಬ ಧೈರ್ಯ ಇಲ್ಲ. ಹತ್ತಿರದ್ದೇ ಆಗಲಿ ಎಂದು ನಾನು ಕಾಸರಗೋಡು ಅಂದೆ.

ನಾವು ಹೋದ ಆಸ್ಪತ್ರೆಯಲ್ಲಿ ಒಬ್ಬಳೇ ನರ್ಸು ಎಚ್ಚರವಿದ್ದಳು. ಇಪ್ಪತ್ತೈದು ದಾಟಿರಲಿಕ್ಕಿಲ್ಲ, ತೆಂಕಣ ಜಿಲ್ಲೆಯ ಮಲಯಾಳಂ. ಏನಾಗುತ್ತದೆ ಎಂದು ಕೇಳಿದಳು. ಅಪ್ಪ ಕಷ್ಟದಲ್ಲಿ ಹೇಳಿದರು: "ಸಂಕಟ ಆಗ್ತದೆ... ತುಂಬ ಸಂಕಟ."

ನಮ್ಮ ಕಡೆಯವರಿಗೆ ಸಂಕಟ ಅಂದರೆ ಮೈಯದ್ದು. ಎದೆ ಹಿಂಡಿದ ಹಾಗಾಗುವುದು, ಉಸಿರು ಸಿಕ್ಕಿಕೊಳ್ಳುವುದು, ಬೆವರೊಡೆದು ಹೊಟ್ಟೆ ತೊಳಸುವುದು, ಎಲ್ಲ ಸೇರಿ ಸಂಕಟ. ಮಲಯಾಳದಲ್ಲಿ ಅದೇ ಶಬ್ದಕ್ಕೆ ಅರ್ಥ ದುಃಖ. ಆ ಹುಡುಗಿ ಅಪ್ಪನ ಕೈ ಹಿಡಿದು, ತನ್ನ ಮನೆಯ ಹಿರಿಯರಿಗೆ ಹೇಳುವಷ್ಟು ಪ್ರೀತಿಯಿಂದ ಹೇಳಿದಳು: "ಸಂಕಡಪ್ಪೆಡೇಂಡ ಅಚ್ಚಾ." ದುಃಖಪಡಬೇಡಿ ಅಪ್ಪಾ, ಎಂದು. ಒಂದು ಬೆಂಚು ತೋರಿಸಿದಳು. ನಾನು ಕೌಂಟರಿನಲ್ಲಿ ಚೀಟಿ ಮಾಡಿಸುತ್ತಿದ್ದೆ. ತಿರುಗಿ ಬಂದು ಅಪ್ಪನ ಅಂಗಿ ಬೆವರಿನಲ್ಲಿ ತೊಯ್ದದ್ದನ್ನು ನೋಡಿ, ನನಗೆ ಬಂದಷ್ಟು ಮಲಯಾಳದಲ್ಲಿ ಕೂಗಿ ಹೇಳಿದ ಮೇಲೆ ಇಸಿಜಿ ಆಯಿತು. ಅಷ್ಟರಲ್ಲಿ ಇಪ್ಪತ್ತು ನಿಮಿಷ ಹೋಗಿತ್ತು. ಹೃದಯಾಘಾತ, ಇಲ್ಲಿ ಆಗುವುದಿಲ್ಲ, ಮಂಗಳೂರಿಗೆ ಕೊಂಡುಹೋಗಿ ಎಂದರು. ಮತ್ತೆ ಐವತ್ತು ಕಿಲೋಮೀಟರು.

ಆ ನರ್ಸಿನ ಮೇಲೆ ನನಗೆ ಒಂದು ದಿನವೂ ಸಿಟ್ಟು ಬಂದಿಲ್ಲ. ಕೈ ಹಿಡಿದವಳು ಅವಳೊಬ್ಬಳೇ. ಕನ್ನಡ, ತುಳು, ಮರಾಠಿ, ಕೊಂಕಣಿ, ಬ್ಯಾರಿ ಎಲ್ಲ ಆಡುವ ಜಿಲ್ಲೆಗೆ ಆ ಹುಡುಗಿಯನ್ನು ಹತ್ತು ಶಬ್ದವನ್ನೂ ಕಲಿಸದೆ ಕಳುಹಿಸಿದವರ ಮೇಲೆ ಮಾತ್ರ ಸಿಟ್ಟು ಉಂಟು.

ಮಂಗಳೂರಿನ ಆಸ್ಪತ್ರೆಯಲ್ಲಿ ಅಪ್ಪನ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ಜೀವ ಉಳಿಯಿತು. ನಮ್ಮದು ಬಡವರಿಗೆ ಕೊಡುವ ಗುಲಾಬಿ ರೇಷನ್ ಕಾರ್ಡು, ಮುಕ್ಕಾಲು ಎಕರೆ ಅಡಕೆ. ಆರೋಗ್ಯ ವಿಮೆಯ ಕಾರ್ಡನ್ನು ಅಮ್ಮ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೆರಗಿನಲ್ಲಿ ಕಟ್ಟಿಕೊಂಡೇ ಬಂದಿದ್ದರು. ಕೌಂಟರಿನವರು ಅದನ್ನು ತಿರುಗಿಸಿ ನೋಡಿ, "ಇದು ಕೇರಳದ್ದು, ಇಲ್ಲಿ ಆಗುವುದಿಲ್ಲ ಅಮ್ಮ" ಎಂದು ಹಿಂದೆ ಕೊಟ್ಟರು. ವಾದ ಮಾಡುವ ಸ್ಥಿತಿಯಲ್ಲಿ ನಾವಿರಲಿಲ್ಲ. ಅಮ್ಮನ ಎರಡು ಬಳೆ, ನನ್ನ ಸರ ಸೊಸೈಟಿಯಲ್ಲಿ ಅಡವಿಗೆ ಹೋದವು. ಇದರಲ್ಲೂ ಒಂದು ಸಮಾಧಾನ ಇತ್ತು. 2017ರ ಫೆಬ್ರವರಿಯಲ್ಲಿ ಕೇಂದ್ರದ ಬೆಲೆ ನಿಯಂತ್ರಣ ಪ್ರಾಧಿಕಾರ ಔಷಧ ಲೇಪಿತ ಸ್ಟೆಂಟಿಗೆ 29,600 ರೂಪಾಯಿ ಎಂದು ಮಿತಿ ಹಾಕಿತ್ತು. ಅದಕ್ಕೆ ಮೊದಲು ಅಂಥದಕ್ಕೆ ಲಕ್ಷದ ಮೇಲೆ ತೆಗೆದುಕೊಳ್ಳುತ್ತಿದ್ದರು. ಆ ಒಂದು ಆದೇಶ ಇಲ್ಲದಿದ್ದರೆ ತೋಟವೂ ಅಡವಿಗೆ ಹೋಗುತ್ತಿತ್ತು.

ಆವತ್ತಿನಿಂದ ಯಾವ ಪಕ್ಷದ ಪ್ರಣಾಳಿಕೆ ಬಂದರೂ ನಾನು ಮೊದಲು ಆರೋಗ್ಯದ ಪುಟ ತೆಗೆಯುತ್ತೇನೆ. ಪೆರ್ಲದ ಆ ಕೂಡುರಸ್ತೆಯಲ್ಲಿ ನಿಂತು ಓದುತ್ತೇನೆ.

2024ರ ಲೋಕಸಭಾ ಚುನಾವಣೆಯಲ್ಲಿ ನಮ್ಮ ಕಾಸರಗೋಡು ಕ್ಷೇತ್ರದಲ್ಲಿ ಕಾಂಗ್ರೆಸ್ಸಿನಿಂದ ರಾಜ್‌ಮೋಹನ್ ಉಣ್ಣಿತ್ತಾನ್, ಸಿಪಿಎಂನಿಂದ ಎಂ.ವಿ. ಬಾಲಕೃಷ್ಣನ್, ಬಿಜೆಪಿಯಿಂದ ಎಂ.ಎಲ್. ಅಶ್ವಿನಿ ನಿಂತಿದ್ದರು. ಮೂರು ಪಕ್ಷದವರೂ ಕನ್ನಡದಲ್ಲೇ ಕರಪತ್ರ ತಂದು ಜಗಲಿಯಲ್ಲಿ ಇಟ್ಟು ಹೋದರು. ನಮ್ಮ ಎಣ್ಮಕಜೆ ಪಂಚಾಯತು ಮಂಜೇಶ್ವರ ವಿಧಾನಸಭಾ ಕ್ಷೇತ್ರಕ್ಕೆ ಸೇರಿದ್ದು. 2016ರಲ್ಲಿ ಅಲ್ಲಿ ಗೆಲುವಿನ ಅಂತರ 89 ಮತ, 2021ರಲ್ಲಿ 745. ಹಾಗಾಗಿ ನಮ್ಮ ಗುಡ್ಡದ ಮನೆಗೂ ಯಾರೂ ಬಾರದೆ ಇರುವುದಿಲ್ಲ. ನಾನು ಮೂರೂ ಪಕ್ಷಗಳ ಪ್ರಣಾಳಿಕೆಯಿಂದ ಆರೋಗ್ಯದ ಭಾಗವನ್ನು ಮಗನ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ.

ಕಾಂಗ್ರೆಸ್ ಹೇಳಿದ್ದು ರಾಜಸ್ಥಾನದ ಮಾದರಿಯಲ್ಲಿ 25 ಲಕ್ಷದ ತನಕ ನಗದುರಹಿತ ವಿಮೆ. ಅಶೋಕ್ ಗೆಹ್ಲೋಟ್ ಸರ್ಕಾರ ಅಲ್ಲಿ ಚಿರಂಜೀವಿ ಯೋಜನೆಯ ಮಿತಿಯನ್ನು 2023ರಲ್ಲಿ 10 ಲಕ್ಷದಿಂದ 25 ಲಕ್ಷಕ್ಕೆ ಏರಿಸಿತ್ತು. ಅದೇ ವರ್ಷ ಆರೋಗ್ಯದ ಹಕ್ಕಿನ ಕಾಯ್ದೆಯನ್ನೂ ತಂದಿತ್ತು, ಖಾಸಗಿ ಡಾಕ್ಟರುಗಳು ಬೀದಿಗಿಳಿದು ವಿರೋಧಿಸಿದರೂ. ಬಿಜೆಪಿ ಹೇಳಿದ್ದು 70 ದಾಟಿದ ಎಲ್ಲರಿಗೂ, ಬಡವ ಬಲ್ಲಿದ ಎಂದು ನೋಡದೆ, ಆಯುಷ್ಮಾನ್ ಭಾರತ್‌ನ 5 ಲಕ್ಷದ ಚಿಕಿತ್ಸೆ. ಇದಕ್ಕೆ 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿಗೆಯನ್ನೂ ಕೊಟ್ಟಿತು. ಸಿಪಿಎಂ ಹೇಳಿದ್ದು ಆರೋಗ್ಯ ಎಂಬುದು ಕಾನೂನಿನ ಹಕ್ಕಾಗಬೇಕು, ವಿಮೆಯ ದಾರಿ ಬಿಟ್ಟು ಸರ್ಕಾರಿ ಆಸ್ಪತ್ರೆಗಳಿಗೇ ಹೆಚ್ಚು ಹಣ ಹಾಕಬೇಕು ಎಂದು.

25 ಲಕ್ಷ ದೊಡ್ಡ ಮೊತ್ತವೇ. ಕ್ಯಾನ್ಸರಿಗೆ, ಕಿಡ್ನಿ ಬದಲಾವಣೆಗೆ ಅಷ್ಟು ಬೇಕಾಗುತ್ತದೆ, ಬೇಡ ಎಂದು ನಾನು ಹೇಳಲಾರೆ. ಆದರೆ ಅಪ್ಪನ ಒಟ್ಟು ಬಿಲ್ಲು 5 ಲಕ್ಷದ ಹತ್ತಿರಕ್ಕೂ ಬಂದಿರಲಿಲ್ಲ. ನಮ್ಮನ್ನು ತಡೆದದ್ದು ಮಿತಿ ಅಲ್ಲ, ಗಡಿ. ಆಯುಷ್ಮಾನ್ ಭಾರತ್ 2018ರ ಸೆಪ್ಟೆಂಬರಿನಲ್ಲಿ ಶುರುವಾದಾಗಿನಿಂದ, ಯೋಜನೆಗೆ ಸೇರಿದ ಯಾವ ರಾಜ್ಯದಲ್ಲೂ ಪಟ್ಟಿಯಲ್ಲಿರುವ ಆಸ್ಪತ್ರೆಗೆ ಹೋಗಬಹುದು ಎಂಬುದು ನಿಯಮ. ಕೇರಳದಲ್ಲಿ ಅದು ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿ ಎಂಬ ಹೆಸರಿನಲ್ಲಿ ಸುಮಾರು 42 ಲಕ್ಷ ಕುಟುಂಬಗಳಿಗೆ ಉಂಟು, ಕರ್ನಾಟಕದಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಎಂಬ ಹೆಸರಿನಲ್ಲಿ. ಕಾಗದದಲ್ಲಿ ಎರಡೂ ಒಂದನ್ನೊಂದು ಗುರುತಿಸುತ್ತವೆ. ರಾತ್ರಿ ಮೂರೂವರೆಗೆ ಕೌಂಟರಿನಲ್ಲಿ ಕೂತವರು ಗುರುತಿಸುವುದಿಲ್ಲ. ಮಂಗಳೂರಿನ ಇಂತಿಂಥ ಆಸ್ಪತ್ರೆಯಲ್ಲಿ ಕಾಸರಗೋಡಿನ ಕಾರ್ಡು ನಡೆಯುವ ಹಾಗೆ ಮಾಡಿಸುತ್ತೇನೆ ಎಂಬ ಒಂದು ಸಾಲು ಆ ಮೂರು ಕರಪತ್ರಗಳಲ್ಲಿ ಒಂದರಲ್ಲೂ ಇರಲಿಲ್ಲ. ಹಾಗೆ ಹೇಳಿದವರಿಗೆ, ಯಾವ ಪಕ್ಷವಾದರೂ, ನಾನು ಮತ ಹಾಕುತ್ತಿದ್ದೆ.

70 ದಾಟಿದವರ ಯೋಜನೆ ಓದಿ ಅಮ್ಮನಿಗೆ ಖುಷಿಯಾಯಿತು. ಅಪ್ಪನಿಗೆ ಆಗ 73. ರೇಷನ್ ಕಾರ್ಡಿನ ಬಣ್ಣ ಕೇಳುವುದಿಲ್ಲ ಎಂಬುದು ಸಣ್ಣ ವಿಷಯ ಅಲ್ಲ. ಬಡವರ ಪಟ್ಟಿಗೆ ಸೇರದ ನೀಲಿ, ಬಿಳಿ ಕಾರ್ಡಿನವರಲ್ಲೂ ಮಕ್ಕಳು ದೂರದಲ್ಲಿದ್ದು ಕೈ ಬರಿದಾದ ಮುದುಕರು ಎಷ್ಟೋ ಮಂದಿ ನಮ್ಮ ಊರಲ್ಲೇ ಇದ್ದಾರೆ. ಆದರೆ ಆಯುಷ್ಮಾನ್ ಅಂದರೆ ಆಸ್ಪತ್ರೆಯಲ್ಲಿ ಮಲಗಿದವರಿಗೆ. ಸೇರುವ ಮೊದಲು ಮೂರು ದಿನ, ಬಿಟ್ಟ ಮೇಲೆ ಹದಿನೈದು ದಿನದ ಖರ್ಚು ಅದರಲ್ಲಿ ಬರುತ್ತದೆ. ಹದಿನಾರನೆಯ ದಿನದಿಂದ ಮಾತ್ರೆಯ ಖರ್ಚು ನಮ್ಮದೇ. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತೆಳುವಾಗುವ ಮಾತ್ರೆ ತಪ್ಪಿಸಬಾರದು. ಬಿಪಿ, ಕೊಲೆಸ್ಟರಾಲ್, ಸಕ್ಕರೆ ಎಂದು ತಿಂಗಳು ತಿಂಗಳು ಹೋಗುವ ಹಣ ಯಾವ ಪೋಸ್ಟರಿನ ಅಂಕಿಯೊಳಗೂ ಬರುವುದಿಲ್ಲ. ನನ್ನ ಲೆಕ್ಕದಲ್ಲಿ ಬಡವರ ಮನೆ ಮುರಿಯುವುದು ಹೆಚ್ಚಾಗಿ ಈ ಮಾತ್ರೆಯ ಲೆಕ್ಕವೇ. ಕಡಿಮೆ ಬೆಲೆಗೆ ಮಾತ್ರೆ ಕೊಡುವ ಜನೌಷಧಿ ಅಂಗಡಿ ಹೆಚ್ಚಿಸುತ್ತೇವೆ ಎಂಬ ಬಿಜೆಪಿಯ ಮಾತನ್ನು ಅದಕ್ಕಾಗಿಯೇ ನಾನು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಇಟ್ಟಿದ್ದೇನೆ. ಅದು 5 ಲಕ್ಷಕ್ಕಿಂತ ಹೆಚ್ಚು ದಿನ ನಮ್ಮ ಜೊತೆ ಇರುವಂಥದ್ದು.

ಸಿಪಿಎಂನ ಮಾತು ನನ್ನ ಮನಸ್ಸಿಗೆ ಹತ್ತಿರ. ಆಸ್ಪತ್ರೆಯೇ ಇಲ್ಲದ ಕಡೆ ವಿಮೆ ಕೊಟ್ಟರೆ, ಬಾವಿ ಇಲ್ಲದವನಿಗೆ ಹಗ್ಗ ಕೊಟ್ಟ ಹಾಗೆ. ಆದರೆ ಅವರಿಗೆ ಕೇಳಲಿಕ್ಕೂ ಹೆಚ್ಚು ಉಂಟು, ಯಾಕೆಂದರೆ ಅವರ ಎಡರಂಗ 2016ರಲ್ಲಿ ಅಧಿಕಾರಕ್ಕೆ ಬಂದು 2021ರಲ್ಲಿ ಮತ್ತೆ ಗೆದ್ದಿತು. 2017ರಲ್ಲಿ ಶುರುವಾದ ಆರ್ದ್ರಂ ಮಿಷನ್ ಒಳ್ಳೆಯ ಕೆಲಸ. ಪ್ರಾಥಮಿಕ ಆರೋಗ್ಯ ಕೇಂದ್ರಗಳು ಕುಟುಂಬಾರೋಗ್ಯ ಕೇಂದ್ರಗಳಾದವು, ಒಪಿ, ಅಂದರೆ ಹೊರರೋಗಿಗಳನ್ನು ನೋಡುವುದು, ಸಂಜೆ ಆರರ ತನಕ ನಡೆಯತೊಡಗಿತು. ಕೂಲಿ ಮುಗಿಸಿ ಬರುವವನಿಗೆ ಆ ಸಂಜೆಯ ಒಪಿ ಅಂದರೆ ಒಂದು ದಿನದ ಸಂಬಳ ಉಳಿದ ಹಾಗೆ. ಆದರೆ ಉಕ್ಕಿನಡ್ಕದ ಬಗ್ಗೆ?

ಉಕ್ಕಿನಡ್ಕ ನಮ್ಮ ಮನೆಗೆ ಹತ್ತಿರ. ಕಾಸರಗೋಡು ವೈದ್ಯಕೀಯ ಕಾಲೇಜಿಗೆ ಅಲ್ಲಿ 2013ರ ನವೆಂಬರ್ 30ರಂದು ಆಗಿನ ಕಾಂಗ್ರೆಸ್ ಮುಖ್ಯಮಂತ್ರಿ ಉಮ್ಮನ್ ಚಾಂಡಿ ಶಿಲಾನ್ಯಾಸ ಮಾಡಿದರು. ಆ ದಿನದ ಜನ, ಆ ದಿನದ ನಂಬಿಕೆ ನನಗೆ ಚೆನ್ನಾಗಿ ನೆನಪುಂಟು. "ಇನ್ನು ಕುಡ್ಲಕ್ಕೆ ಓಡುವುದು ತಪ್ಪಿತು" ಎಂದು ಅಪ್ಪ ಹೇಳಿದ್ದರು. ಕುಡ್ಲ ಅಂದರೆ ಮಂಗಳೂರು. 2019ರ ಆ ರಾತ್ರಿ ನಮ್ಮ ಜೀಪು ಅದೇ ದಾರಿಯಲ್ಲಿ ಹೋಯಿತು. ಮಳೆಯಲ್ಲಿ ಕಟ್ಟಡದ ಕಡೆ ಒಂದು ದೀಪವೂ ಕಾಣಲಿಲ್ಲ. ಕಲ್ಲು ಹಾಕಿದವರು ಒಂದು ರಂಗ, ಕಟ್ಟಡ ನಿಧಾನ ಮಾಡಿದವರು ಇನ್ನೊಂದು ರಂಗ ಎಂದು ಇಬ್ಬರೂ ಒಬ್ಬರನ್ನೊಬ್ಬರು ತೋರಿಸುತ್ತಾರೆ. ಎದೆ ಹಿಡಿದುಕೊಂಡು ಆ ದಾರಿಯಲ್ಲಿ ಹೋದವರಿಗೆ ಆ ಜಗಳದಿಂದ ಎಂತದೂ ಸಿಗಲಿಲ್ಲ.

ಆ ಕಟ್ಟಡಕ್ಕೆ ಮೊದಲು ಜೀವ ಬಂದದ್ದು ಮಹಾಮಾರಿಯ ಕಾಲಕ್ಕೆ. 2020ರ ಮಾರ್ಚಿನಲ್ಲಿ ಕರ್ನಾಟಕ ಗಡಿ ಮುಚ್ಚಿತು. ತಲಪಾಡಿಯಲ್ಲಿ ಮಾತ್ರ ಅಲ್ಲ, ಒಳದಾರಿಗಳಲ್ಲೂ ಲಾರಿಯಲ್ಲಿ ಮಣ್ಣು ತಂದು ಸುರಿದರು. ಮಂಗಳೂರಿಗೆ ಹೋಗಲಾಗದೆ ನಮ್ಮ ಜಿಲ್ಲೆಯ ಹಲವು ರೋಗಿಗಳು ಸತ್ತರು. ಕೇರಳ ಹೈಕೋರ್ಟು ಏಪ್ರಿಲ್ 1ರಂದು, ತುರ್ತು ಚಿಕಿತ್ಸೆಗೆ ಹೋಗುವ ಗಾಡಿಗಳಿಗೆ ದಾರಿ ಬಿಡಿಸಿ ಎಂದು ಕೇಂದ್ರಕ್ಕೆ ಹೇಳಬೇಕಾಯಿತು. ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಆ ವಾರಗಳಲ್ಲಿ ಅಮ್ಮ ದಿನಾ ಅಪ್ಪನ ಮಾತ್ರೆ ಎಣಿಸುತ್ತಿದ್ದರು, ದಿನಾ ಅವರ ಮುಖ ನೋಡುತ್ತಿದ್ದರು.

1956ರ ನವೆಂಬರ್ 1ರಂದು ರಾಜ್ಯಗಳ ಗೆರೆ ಎಳೆದಾಗ ಕಾಸರಗೋಡು ದಕ್ಷಿಣ ಕನ್ನಡದಿಂದ ಬೇರೆಯಾಗಿ ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಬಡಗಣ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದು ಮಹಾಜನ ಆಯೋಗ 1967ರಲ್ಲಿ ಹೇಳಿದ್ದನ್ನು ನಾವೆಲ್ಲ ಬಾಯಿಪಾಠ ಬಲ್ಲೆವು. ಆದರೆ ರೋಗಿಗಳು ಆ ಗೆರೆಯನ್ನು ಒಪ್ಪಿದ್ದೇ ಇಲ್ಲ. ಮಂಗಳೂರಿನ 1848ರ ವೆನ್ಲಾಕ್, 1880ರ ಫಾದರ್ ಮುಲ್ಲರ್, ಆಮೇಲೆ ದೇರಳಕಟ್ಟೆಯ ದೊಡ್ಡಾಸ್ಪತ್ರೆಗಳು, ಇವೇ ನಮ್ಮ ಆಸ್ಪತ್ರೆಗಳಾಗಿ ಉಳಿದವು. ಗಡಿ ತೆರೆದಿರುವ ತನಕ ಎರಡೂ ಸರ್ಕಾರಗಳಿಗೆ ಇದು ಅನುಕೂಲವೇ ಆಗಿತ್ತು. ಒಂದು ಸರ್ಕಾರಕ್ಕೆ ಆಸ್ಪತ್ರೆ ಕಟ್ಟುವ ಅವಸರ ಇರಲಿಲ್ಲ, ಇನ್ನೊಂದಕ್ಕೆ ನಾವು ಮತದಾರರಲ್ಲ. ಮಣ್ಣು ಸುರಿದ ದಿನ ಅದು ಬಯಲಾಯಿತು. ಏಪ್ರಿಲ್ ಮೊದಲ ವಾರ ತಿರುವನಂತಪುರದಿಂದ ಡಾಕ್ಟರುಗಳ ತಂಡ ಬಂದು ಉಕ್ಕಿನಡ್ಕದ ಕಟ್ಟಡವನ್ನು ಕೋವಿಡ್ ಆಸ್ಪತ್ರೆ ಮಾಡಿತು. ಆರು ವರ್ಷ ದಾಟಿದರೂ ಆಗದ್ದು ಕೆಲವೇ ದಿನಗಳಲ್ಲಿ ಆಯಿತು.

ಒಪಿ ಶುರುವಾದದ್ದು 2022ರ ಜನವರಿಯಲ್ಲಿ. 50 ಎಂಬಿಬಿಎಸ್ ಸೀಟುಗಳಿಗೆ ಒಪ್ಪಿಗೆ ಬಂದದ್ದು 2025ರ ಸೆಪ್ಟೆಂಬರಿನಲ್ಲಿ. ಸಂತೋಷವೇ. ಕಲಿಯುವ ಮಕ್ಕಳು ಬಂದರೆ ಕಲಿಸುವ ಡಾಕ್ಟರುಗಳೂ ಬರಬೇಕಾಗುತ್ತದೆ, ಬಂದವರು ಉಳಿಯಬೇಕಾಗುತ್ತದೆ.

ಉಳಿಯುವುದು ಎಂಬ ಮಾತು ನಮ್ಮ ಪಂಚಾಯತಿಗೆ ಸುಮ್ಮನೆ ಬಂದದ್ದಲ್ಲ. ಪಡ್ರೆ, ಸ್ವರ್ಗ ಎಂಬ ಊರುಗಳಿರುವುದು ಇಲ್ಲೇ. 1970ರ ದಶಕದ ಕೊನೆಯಿಂದ 2000ದ ತನಕ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ತಲೆ ದೊಡ್ಡದಾದ, ಕೈಕಾಲು ಬೆಳೆಯದ, ಮಾತು ಬಾರದ ಮಕ್ಕಳು ಮನೆಮನೆಯಲ್ಲಿ ಹುಟ್ಟಿದಾಗ, ಇದರಲ್ಲಿ ಏನೋ ಉಂಟು ಎಂದು ಮೊದಲು ಗಮನಿಸಿ ಬರೆದವರಲ್ಲಿ ಪಡ್ರೆಯ ಡಾಕ್ಟರ್ ವೈ.ಎಸ್. ಮೋಹನ ಕುಮಾರ್ ಒಬ್ಬರು. ಅವರು ಅದನ್ನು ಕಂಡದ್ದು ದೊಡ್ಡ ಯಂತ್ರದಿಂದಲ್ಲ. ಒಂದೇ ಊರಿನಲ್ಲಿ ವರ್ಷಗಟ್ಟಲೆ ಕೂತು, ಒಂದೇ ಮನೆಯ ಅಜ್ಜಿಯನ್ನೂ ಸೊಸೆಯನ್ನೂ ಮಗುವನ್ನೂ ನೋಡಿ, ಅವರ ಮಾತು ಅರ್ಥವಾಗಿ ಕಂಡದ್ದು. ವರ್ಷಕ್ಕೊಮ್ಮೆ ಬದಲಾಗುವ ಡಾಕ್ಟರಿಗೆ ಅದು ಕಾಣುತ್ತಿರಲಿಲ್ಲ. ಸಂತ್ರಸ್ತರಿಗೆ ತಲಾ 5 ಲಕ್ಷ ಮೂರು ತಿಂಗಳಲ್ಲಿ ಕೊಡಿ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2017ರ ಜನವರಿಯಲ್ಲಿ. ಯಾಕೆ ಇನ್ನೂ ಕೊಟ್ಟಿಲ್ಲ ಎಂದು ಅದೇ ಕೋರ್ಟು 2022ರಲ್ಲಿ ಗದರಿಸಬೇಕಾಯಿತು. ನರದ ಕಾಯಿಲೆಯ ಇಷ್ಟು ಮಕ್ಕಳಿರುವ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ 2022ರ ತನಕ ಒಬ್ಬ ನರರೋಗ ತಜ್ಞರೂ ಇರಲಿಲ್ಲ. ಅದೇ ವರ್ಷ ಸಮಾಜಸೇವಕಿ ದಯಾಬಾಯಿ ಎಂಬತ್ತು ದಾಟಿದ ಪ್ರಾಯದಲ್ಲಿ ತಿರುವನಂತಪುರದ ಸೆಕ್ರೆಟರಿಯೇಟಿನ ಮುಂದೆ ಉಪವಾಸ ಕೂತರು. ಕೇರಳಕ್ಕೆ ಕೇಂದ್ರದ ದೊಡ್ಡಾಸ್ಪತ್ರೆ ಏಮ್ಸ್ ಬರುವುದಾದರೆ ಆ ಪಟ್ಟಿಯಲ್ಲಿ ಕಾಸರಗೋಡಿನ ಹೆಸರೂ ಇರಲಿ ಎಂಬುದು ಅವರ ಬೇಡಿಕೆಗಳಲ್ಲಿ ಒಂದು. ರಾಜ್ಯ ಸರ್ಕಾರ ಮುಂದೆ ಮಾಡಿದ್ದು ಕಲ್ಲಿಕೋಟೆಯ ಕಿನಾಲೂರನ್ನು.

ಏಮ್ಸ್ ಬೇಕು ಎಂದು ನಾನೂ ಸಹಿ ಹಾಕಿದ್ದೇನೆ. ಆದರೆ ಲೋಕಸಭೆಗೆ ನಿಂತವರು ಏಮ್ಸ್ ಎಂದ ಕೂಡಲೇ ಉಳಿದ ಪ್ರಶ್ನೆ ಮರೆತುಬಿಡುವುದು ನಮ್ಮ ತಪ್ಪು. ಆಸ್ಪತ್ರೆ ಎಂಬುದು ಸಂವಿಧಾನದಲ್ಲಿ ರಾಜ್ಯಪಟ್ಟಿಯ ವಿಷಯ. ಕೇರಳದಲ್ಲಿ 1990ರ ದಶಕದಿಂದ ಪ್ರಾಥಮಿಕ ಆರೋಗ್ಯ ಕೇಂದ್ರ ಗ್ರಾಮ ಪಂಚಾಯತಿನ ಕೈಯಲ್ಲಿ, ಜಿಲ್ಲಾಸ್ಪತ್ರೆ ಜಿಲ್ಲಾ ಪಂಚಾಯತಿನ ಕೈಯಲ್ಲಿ ಉಂಟು. ರಾತ್ರಿ ಯಾರಿರುತ್ತಾರೆ ಎಂದು ನಾವು ಸಂಸದರನ್ನು ಕೇಳುತ್ತೇವೆ, ವಾರ್ಡು ಮೆಂಬರಿಗೆ ಚರಂಡಿಯ ವಿಷಯ ಹೇಳುತ್ತೇವೆ. 2025ರ ಡಿಸೆಂಬರಿನಲ್ಲಿ ಪಂಚಾಯತು ಚುನಾವಣೆ ನಡೆದಾಗ ನಮ್ಮ ಅಂಗಳಕ್ಕೆ ಬಂದ ಪ್ರತಿಯೊಬ್ಬರಿಗೂ ನಾನು ನೋಟ್‌ಬುಕ್ಕು ತೋರಿಸಿ ಕೇಳಿದೆ. ಒಬ್ಬ ಹುಡುಗ ಮಾತ್ರ ಕೂತು ಎಲ್ಲ ಬರೆದುಕೊಂಡ. ಆಚೆಮನೆ ಅಕ್ಕ, "ಅವನಿಗೆ ನೀನು ಕಾಫಿ ಕೊಟ್ಟದ್ದು ಸರಿ" ಎಂದಳು.

ಯಾವ ಪೋಸ್ಟರಿನಲ್ಲೂ ದೊಡ್ಡ ಅಕ್ಷರದಲ್ಲಿ ಬಾರದೆ ನಮ್ಮ ಮನೆಗೆ ಬಂದು ಮುಟ್ಟಿದ ಒಂದು ಯೋಜನೆ ಉಂಟು. ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಕೇರಳ 2008ರಲ್ಲಿ ಪಾಲಿಯೇಟಿವ್, ಅಂದರೆ ಗುಣವಾಗದ ಕಾಯಿಲೆಯವರ ನೋವು ಇಳಿಸುವ ಆರೈಕೆಯ ನೀತಿ ತಂದಿತು, ದೇಶದಲ್ಲೇ ಮೊದಲು. ಪಂಚಾಯತಿಗೊಂದು ನರ್ಸು, ಒಂದು ಗಾಡಿ, ಹಾಸಿಗೆ ಹಿಡಿದವರ ಮನೆಗೇ ಹೋಗುವುದು. ಆಗ ಎಡರಂಗ ಇತ್ತು, ಆಮೇಲೆ ಬಂದವರೂ ಅದನ್ನು ನಿಲ್ಲಿಸಲಿಲ್ಲ.

2022ರ ಕೊನೆಗೆ ಅಪ್ಪನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಬಲಗಾಲು ಹೋದವು, ಮಾತು ತೊದಲಾಯಿತು. ಸೊಂಟದ ಹತ್ತಿರ ಮಲಗಿ ಮಲಗಿ ಹುಣ್ಣಾಯಿತು, ಅಮ್ಮ ಎಷ್ಟು ಒರೆಸಿದರೂ ವಾಸನೆ ಹೋಗುತ್ತಿರಲಿಲ್ಲ. ಪಾಲಿಯೇಟಿವ್ ನರ್ಸು ಬಂದ ಮೊದಲ ದಿನ ಕೊಡೆ ಜಗಲಿಯಲ್ಲಿಟ್ಟು ನೇರ ಒಳಗೆ ಬಂದರು. ಕುದಿಸಿ ಆರಿಸಿದ ಉಪ್ಪು ನೀರಿನಲ್ಲಿ ಹುಣ್ಣು ತೊಳೆದರು. ಮೆಟ್ರೋನಿಡಜೋಲ್ ಮಾತ್ರೆಯನ್ನು ಕಾಗದದ ಮಡಿಕೆಯಲ್ಲಿಟ್ಟು ಲೋಟದ ಅಡಿಯಲ್ಲಿ ಅರೆದು ಹುಡಿ ಮಾಡಿ ಉದುರಿಸಿದರು. ಎರಡು ಗಂಟೆಗೊಮ್ಮೆ ಹೇಗೆ ಮಗ್ಗುಲು ಬದಲಿಸುವುದು ಎಂದು ಅಮ್ಮನ ಕೈ ಹಿಡಿದೇ ತೋರಿಸಿದರು. ಒಂದು ವಾರದಲ್ಲಿ ವಾಸನೆ ಹೋಯಿತು. ಅವರೂ ಮಲಯಾಳದವರೇ. ಆದರೆ ಈ ಗುಡ್ಡಗಳನ್ನು ಹತ್ತಿ ಇಳಿದು ನಮ್ಮ ಮಾತು ಕಲಿತವರು. ಬಾಗಿ ಅಪ್ಪನ ಕಿವಿಯ ಹತ್ತಿರ ಕೇಳಿದರು: "ಸಂಕಟ ಉಂಟಾ ಅಜ್ಜ? ಎಲ್ಲಿ ಉಂಟು, ಕೈ ಇಡಿ ನೋಡುವಾ."

ಅಪ್ಪ ಎಡಗೈ ಎತ್ತಿ ಎದೆಯ ಮೇಲಿಟ್ಟರು. ನಾನು ಅಡಿಗೆಮನೆಗೆ ಹೋಗಿ ಅತ್ತೆ.

2024ರ ಏಪ್ರಿಲಿನಲ್ಲಿ, ಮತದಾನದ ದಿನಕ್ಕೆ ಮೊದಲೇ, ಅಪ್ಪನ ಮತ ತೆಗೆದುಕೊಳ್ಳಲು ಚುನಾವಣೆಯವರು ಮನೆಗೇ ಬಂದರು. ಅಂಗವಿಕಲರಿಗೂ 85 ದಾಟಿದವರಿಗೂ ಮನೆಯಿಂದಲೇ ಮತ ಹಾಕುವ ಅವಕಾಶ ಆ ಸಲ ಇತ್ತು. ಜೀಪು ಗುಡ್ಡದ ಬುಡದಲ್ಲೇ ನಿಂತಿತು. ಅಧಿಕಾರಿಗಳು, ಪೊಲೀಸು, ವೀಡಿಯೊ ಹಿಡಿಯುವ ಹುಡುಗ, ಎಲ್ಲರೂ ಪೆಟ್ಟಿಗೆ, ಕಾಗದ, ರಟ್ಟಿನ ಮರೆ ಹೊತ್ತುಕೊಂಡು ಬಿಸಿಲಿನಲ್ಲಿ ಮೆಟ್ಟಿಲು ಹತ್ತಿ ಬಂದರು. ತುಂಬ ಮರ್ಯಾದೆಯಿಂದ ನಡೆದುಕೊಂಡರು. ಅಮ್ಮ ಎಲ್ಲರಿಗೂ ಮಜ್ಜಿಗೆ ಕೊಟ್ಟರು.

ಅಪ್ಪನಿಗೆ ಅಷ್ಟು ಜನ ಒಟ್ಟಿಗೆ ಮಂಚದ ಹತ್ತಿರ ನಿಂತದ್ದು ಅರ್ಥವಾಗಲಿಲ್ಲ. ಕಾಗದ ಹಿಡಿದ ಅಧಿಕಾರಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಬಿಪಿ ನೋಡಲಿಕ್ಕೆ ಅನುಕೂಲವಾಗಲಿ ಎಂದು, ಒಳ್ಳೆಯ ಕೈಯ ತೋಳನ್ನು ಮಡಚಿ ಮೇಲೆ ಸರಿಸಿ ಅವರ ಕಡೆಗೆ ಚಾಚಿದರು.